ದನಿಯೂ ತಮ್ಮದು, ಉಡುಗೆಯೂ ತಮ್ಮದು

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ದಕ್ಷಿಣಕ್ಕೆ ವಾಸುಲು ಎಂಬ ಸೀಮೆಯಿದೆ. ಅಲ್ಲಿ ಹೆಂಗಸರು ಹಾಡಲು ನಿಂತರೆ ಕೈಯಲ್ಲೊಂದು ‘ಫ್ಲೆ’ ಇರುತ್ತದೆ. ಒಣಗಿದ ಸೋರೆಬುರುಡೆಗೆ ದಾರ ಹೆಣೆದು, ಸುತ್ತಲೂ ಕವಡೆ ಪೋಣಿಸಿ ಮಾಡಿದ ವಾದ್ಯ ಅದು. ಅಲುಗಿಸಿದರೆ ಕವಡೆಗಳು ಜಲ್ಲೆನ್ನುತ್ತವೆ. ಹಾಡು ರಂಗೇರಿದಾಗ ಅದನ್ನು ಗಾಳಿಗೆ ಎಸೆದು, ಗಿರ್ರನೆ ತಿರುಗಿ ಬೀಳುವುದನ್ನು ತಾಳ ತಪ್ಪದ ಹಾಗೆ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಅವರು ನುಡಿಸುತ್ತಿದ್ದಾರೋ, ಹಾಡುತ್ತಿದ್ದಾರೋ, ಕುಣಿಯುತ್ತಿದ್ದಾರೋ ಎಂದು ಬಿಡಿಸಿ ಹೇಳಲಾಗದು. ಆಫ್ರಿಕಾದ ಬಹುಪಾಲು ಸಮುದಾಯಗಳಲ್ಲಿ ಹಾಡು, ಕುಣಿತ, ಉಡುಗೆ ಮೂರೂ ಒಂದೇ ಕಲೆಯ ಅಂಗಗಳಾಗಿದ್ದವು. ಗ್ರಾಮಫೋನ್ ತಟ್ಟೆ ಬಂದ ಮೇಲೆ ದನಿಯೊಂದೇ ಬೇರೆಯಾಗಿ ಮಾರಾಟದ ಸರಕಾಯಿತು.

ಇಂದು ಆಫ್ರಿಕಾದ ಗಾಯಕಿಯರು ಫ್ಯಾಷನ್ ವೇದಿಕೆ, ಸಿನಿಮಾ, ರಂಗಭೂಮಿ, ಜಾಹೀರಾತುಗಳಲ್ಲೂ ಹೆಸರು ಮಾಡುತ್ತಿರುವುದನ್ನು ಹೊಸ ಕಾಲದ ಥಳಕು ಎಂದು ನೋಡುವವರಿದ್ದಾರೆ. ಅದು ತಪ್ಪು ಗ್ರಹಿಕೆ. ಕಲೆಗಳು ಬೆರೆಯುವುದು ಹಳೆಯದೇ. ಹೊಸದು ಅದರ ಒಡೆತನ: ಹಾಡಿನ ಹಕ್ಕು, ಹೆಸರು, ಮುಖ, ಉಡುಗೆ, ವೇದಿಕೆ ಇವು ಯಾರ ಕೈಯಲ್ಲಿವೆ ಎಂಬ ಪ್ರಶ್ನೆ. ಕಳೆದ ನೂರು ವರ್ಷಗಳಲ್ಲಿ ಈ ಗಾಯಕಿಯರು ನಡೆದುಬಂದ ದಾರಿಯನ್ನು ಆ ಪ್ರಶ್ನೆ ಹಿಡಿದೇ ನೋಡಬೇಕು.

ಆರಂಭಕ್ಕೆ ಈಜಿಪ್ಟಿನ ಉಮ್ ಕುಲ್ತುಮ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು. ನೈಲ್ ನದಿಯ ಮುಖಜಭೂಮಿಯ ಒಂದು ಹಳ್ಳಿಯ ಇಮಾಮರ ಮಗಳು. ತಂದೆ ಮದುವೆ, ಹಬ್ಬಗಳಲ್ಲಿ ಭಕ್ತಿಗೀತೆ ಹಾಡಲು ಹೋಗುವಾಗ ಮಗಳನ್ನೂ ಕರೆದೊಯ್ಯುತ್ತಿದ್ದರು. ಆದರೆ ಹೆಣ್ಣುಮಗಳು ಸಭೆಯಲ್ಲಿ ಹಾಡುವುದು ಆ ಕಾಲಕ್ಕೆ ಮರ್ಯಾದೆಯ ಮಾತಾಗಿರಲಿಲ್ಲವಾದ್ದರಿಂದ ಅವಳಿಗೆ ಬೆದೂಯಿನ್ ಹುಡುಗನ ನಿಲುವಂಗಿ, ತಲೆವಸ್ತ್ರ ತೊಡಿಸುತ್ತಿದ್ದರು. 1920ರ ದಶಕದಲ್ಲಿ ಕೈರೋಗೆ ಬಂದ ಮೇಲೆ ಆಕೆ ಹಳ್ಳಿಯ ವೇಷ ಕಳಚಿದರು. ನಗರದ ಸಿರಿವಂತ ಮನೆಗಳ ಹೆಂಗಸರು ಹೇಗೆ ಉಡುತ್ತಾರೆ, ಹೇಗೆ ಮಾತಾಡುತ್ತಾರೆ ಎಂಬುದನ್ನು ನೋಡಿ ಕಲಿತರು. 1936ರಿಂದ 1947ರವರೆಗೆ ಆರು ಚಲನಚಿತ್ರಗಳಲ್ಲಿ ನಟಿಸಿದರು. ತಿಂಗಳ ಮೊದಲ ಗುರುವಾರ ರಾತ್ರಿ ರೇಡಿಯೊದಲ್ಲಿ ಅವರ ಕಛೇರಿ ಬಂದರೆ ಅರಬ್ ಜಗತ್ತಿನ ಬೀದಿಗಳು ಖಾಲಿಯಾಗುತ್ತಿದ್ದವು. ಉದ್ದನೆಯ ಗೌನು, ಕಪ್ಪು ಕನ್ನಡಕ, ಕೈಯಲ್ಲೊಂದು ರೇಷ್ಮೆ ಕರವಸ್ತ್ರ: ಈ ರೂಪವನ್ನು ಅವರು ದಶಕಗಳ ಕಾಲ ಬಿಟ್ಟುಕೊಡಲಿಲ್ಲ. ಒಪ್ಪಂದಗಳನ್ನು ತಾವೇ ಕುಳಿತು ಚೌಕಾಸಿ ಮಾಡುತ್ತಿದ್ದರು, ಸಂಗೀತಗಾರರ ಸಂಘದ ಅಧ್ಯಕ್ಷೆಯೂ ಆದರು. ಹುಡುಗನ ವೇಷದಲ್ಲಿ ವೇದಿಕೆ ಹತ್ತಿದ ಮಗು ತನ್ನ ರೂಪವನ್ನು ತಾನೇ ನಿರ್ಧರಿಸುವ ಹಂತಕ್ಕೆ ಬೆಳೆದ ಕಥೆ ಇದು.

ಖಂಡದ ಇನ್ನೊಂದು ತುದಿ ದಕ್ಷಿಣ ಆಫ್ರಿಕಾ. ಅಲ್ಲಿ ಕರಿಯ ಜನರ ಬಡಾವಣೆಗಳಲ್ಲಿ ‘ಷೆಬೀನ್’ ಎಂಬ ಪರವಾನಗಿಯಿಲ್ಲದ ಹೆಂಡದ ಮನೆಗಳಿದ್ದವು. ನಡೆಸುತ್ತಿದ್ದವರು ಹೆಚ್ಚಾಗಿ ಹೆಂಗಸರು. ಆ ದೇಶದ ಜಾಝ್ ಬೆಳೆದದ್ದು ಅಲ್ಲಿಯೇ. 1949ರಲ್ಲಿ ತೆರೆಕಂಡ ‘ಜಿಮ್ ಕಮ್ಸ್ ಟು ಜೋಬರ್ಗ್’ ಚಿತ್ರದಲ್ಲಿ ಹಾಡಿ ನಟಿಸಿದ ಡಾಲಿ ರಥೆಬೆ ಆ ದೇಶದ ಮೊದಲ ಕರಿಯ ತಾರೆಯರಲ್ಲೊಬ್ಬರು. ‘ಡ್ರಮ್’ ಪತ್ರಿಕೆಗಾಗಿ ಬಿಳಿಯ ಛಾಯಾಗ್ರಾಹಕ ಯೂರ್ಗನ್ ಷಾಡೆಬರ್ಗ್ ಅವರು ಜೊಹಾನ್ಸ್‌ಬರ್ಗ್‌ನ ಚಿನ್ನದ ಗಣಿಯ ಮಣ್ಣುದಿಬ್ಬದ ಮೇಲೆ ಬಿಕಿನಿ ತೊಟ್ಟ ಆಕೆಯ ಚಿತ್ರ ತೆಗೆಯುತ್ತಿದ್ದಾಗ ಪೊಲೀಸರು ಇಬ್ಬರನ್ನೂ ಹಿಡಿದರು. ಬಿಳಿಯ ಗಂಡು, ಕರಿಯ ಹೆಣ್ಣು ಒಟ್ಟಿಗಿದ್ದಾರೆಂದರೆ ವರ್ಣಭೇದ ಕಾಲದ ಅನೈತಿಕತೆ ಕಾಯ್ದೆ ಮುರಿದಿರಬೇಕು ಎಂಬುದು ಅವರ ಅನುಮಾನ. ಒಂದು ಫ್ಯಾಷನ್ ಚಿತ್ರ ಅಪರಾಧವಾಗಬಹುದಾಗಿದ್ದ ದೇಶ ಅದು.

ಮಿರಿಯಂ ಮಕೇಬಾ ಹುಟ್ಟಿದ್ದು ಇದೇ ನೆಲದಲ್ಲಿ, 1932ರಲ್ಲಿ. ಜೋಳದ ಹೆಂಡ ಕಾಯಿಸಿ ಮಾರಿದ ತಪ್ಪಿಗೆ ತಾಯಿಗೆ ಆರು ತಿಂಗಳ ಸೆರೆವಾಸವಾದಾಗ ಮಿರಿಯಂ ಹದಿನೆಂಟು ದಿನದ ಕೂಸು. ತಾಯಿಯ ಜೊತೆ ಜೈಲಿನಲ್ಲೇ ಇದ್ದಳು. ದೊಡ್ಡವಳಾದ ಮೇಲೆ ಮ್ಯಾನ್‌ಹಟನ್ ಬ್ರದರ್ಸ್ ತಂಡದ ಗಾಯಕಿಯಾದಳು, ಸ್ಕೈಲಾರ್ಕ್ಸ್ ಎಂಬ ಹೆಂಗಸರದೇ ತಂಡದಲ್ಲಿ ಹಾಡಿದಳು. 1959 ಅವರ ಬದುಕಿನ ತಿರುವು. ‘ಕಿಂಗ್ ಕಾಂಗ್’ ಎಂಬ ಸಂಗೀತ ನಾಟಕದಲ್ಲಿ ಷೆಬೀನ್ ಒಡತಿಯ ಪಾತ್ರ ಸಿಕ್ಕಿತು. ಅಮೆರಿಕದ ಲಯನೆಲ್ ರೊಗೋಸಿನ್ ಸರ್ಕಾರದ ಕಣ್ಣು ತಪ್ಪಿಸಿ ತೆಗೆದ ‘ಕಮ್ ಬ್ಯಾಕ್, ಆಫ್ರಿಕಾ’ ಚಿತ್ರದಲ್ಲಿ ಕೆಲವೇ ನಿಮಿಷ ಹಾಡಿದರು. ಆ ಕೆಲವು ನಿಮಿಷಗಳೇ ಆಕೆಯನ್ನು ವೆನಿಸ್ ಚಿತ್ರೋತ್ಸವಕ್ಕೆ, ಲಂಡನ್‌ಗೆ, ಅಲ್ಲಿ ಸಿಕ್ಕ ಗಾಯಕ ಹ್ಯಾರಿ ಬೆಲಫಾಂಟೆ ಅವರ ನೆರವಿನಿಂದ ನ್ಯೂಯಾರ್ಕ್‌ಗೆ ಕರೆದೊಯ್ದವು. 1960ರಲ್ಲಿ ತಾಯಿಯ ಅಂತ್ಯಕ್ರಿಯೆಗೆಂದು ಊರಿಗೆ ಹೊರಟಾಗ ಪಾಸ್‌ಪೋರ್ಟ್ ರದ್ದಾಗಿರುವುದು ಗೊತ್ತಾಯಿತು. ಮುಂದೆ ಮೂವತ್ತು ವರ್ಷ ಅವರು ತಾಯ್ನಾಡಿನ ನೆಲ ಮೆಟ್ಟಲಿಲ್ಲ.

ಅಮೆರಿಕದ ವೇದಿಕೆಗಳಲ್ಲಿ ಮಕೇಬಾ ಕಾಣಿಸಿಕೊಂಡ ರೀತಿ ಹಾಡಿನಷ್ಟೇ ದೊಡ್ಡ ಸಂಗತಿ. ಅಂದಿನ ಕರಿಯ ಗಾಯಕಿಯರು ಬಿಸಿ ಬಾಚಣಿಗೆಯಲ್ಲಿ ಕೂದಲು ನೇರ ಮಾಡಿಸಿಕೊಂಡು ಅಥವಾ ವಿಗ್ ತೊಟ್ಟು ವೇದಿಕೆಗೆ ಬರುವುದು ರೂಢಿ. ಮಕೇಬಾ ತಮ್ಮ ಗುಂಗುರು ಕೂದಲನ್ನು ಗಿಡ್ಡವಾಗಿ ಕತ್ತರಿಸಿ ಹಾಗೆಯೇ ಬಿಟ್ಟರು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಅದು ಜಾರಿ ಬೀಳುತ್ತದೋ ಇಲ್ಲವೋ ನೋಡಿ ಮನುಷ್ಯರ ಜನಾಂಗ ಗೊತ್ತುಮಾಡುತ್ತಿದ್ದ ದೇಶದಿಂದ ಬಂದವರಿಗೆ ಇದು ಸಣ್ಣ ನಿರ್ಧಾರವಲ್ಲ. ಕೆಲವೇ ವರ್ಷಗಳಲ್ಲಿ ‘ಆಫ್ರೊ’ ಕೇಶಶೈಲಿ ಅಮೆರಿಕದ ಕರಿಯ ತರುಣಿಯರ ಸ್ವಾಭಿಮಾನದ ಗುರುತಾಯಿತು. 1963ರಲ್ಲಿ ವಿಶ್ವಸಂಸ್ಥೆಯ ಸಮಿತಿಯೆದುರು ವರ್ಣಭೇದ ನೀತಿಯ ವಿರುದ್ಧ ಸಾಕ್ಷ್ಯ ನುಡಿದಾಗಲೂ, ಬೆಲಫಾಂಟೆ ಜೊತೆಗಿನ ಆಲ್ಬಮ್‌ಗೆ 1966ರ ಗ್ರ್ಯಾಮಿ ಪ್ರಶಸ್ತಿ ಬಂದಾಗಲೂ ಅವರ ರೂಪ ಅದೇ. 1968ರಲ್ಲಿ ಬ್ಲ್ಯಾಕ್ ಪವರ್ ಚಳವಳಿಯ ಸ್ಟೋಕ್ಲಿ ಕಾರ್ಮೈಕೇಲ್ ಅವರನ್ನು ಮದುವೆಯಾದ ಮೇಲೆ ಅಮೆರಿಕದಲ್ಲಿ ಗೊತ್ತಾಗಿದ್ದ ಕಛೇರಿಗಳು ಒಂದೊಂದಾಗಿ ರದ್ದಾದವು. ಅವರು ಗಿನಿ ದೇಶಕ್ಕೆ ಹೋಗಿ ನೆಲೆಸಿದರು, ಆ ದೇಶದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯಲ್ಲಿ ಮಾತನಾಡಿದರು. ತಾಯ್ನಾಡಿಗೆ ಮರಳಿದ್ದು 1990ರಲ್ಲಿ. 2008ರ ನವೆಂಬರ್‌ನಲ್ಲಿ ಇಟಲಿಯಲ್ಲಿ ಕಛೇರಿ ಮುಗಿಸಿದ ಬೆನ್ನಿಗೇ ತೀರಿಕೊಂಡರು. ಜಗತ್ತು ಆಕೆಯನ್ನು 1967ರ ‘ಪಟಾ ಪಟಾ’ ಹಾಡಿನಿಂದಲೇ ಗುರುತಿಸಿತು. ಅದೊಂದು ಹಗುರ ಕುಣಿತದ ಹಾಡು, ಅದಕ್ಕಿಂತ ಅರ್ಥವುಳ್ಳ ಹಾಡುಗಳಿವೆ ಎಂಬ ಬೇಸರ ಮಕೇಬಾ ಅವರಿಗೇ ಇತ್ತು.

1960ರ ಸುಮಾರಿಗೆ ಹಲವು ದೇಶಗಳು ಸ್ವತಂತ್ರವಾದವು. ಹೊಸ ಸರ್ಕಾರಗಳಿಗೆ ರಾಷ್ಟ್ರೀಯ ಸಂಸ್ಕೃತಿಯ ಮುಖಗಳು ಬೇಕಾಗಿದ್ದವು. ಹೆಂಗಸರ ಉಡುಗೆಯೂ ರಾಜಕೀಯದ ವಸ್ತುವಾಯಿತು. ಗಿನಿಯಲ್ಲಿ 1961ರಲ್ಲಿ ಹುಟ್ಟಿದ ‘ಅಮಜೋನ್ಸ್ ದ ಗಿನಿ’ ತಂಡದ ವಾದಕಿಯರೆಲ್ಲ ಪೊಲೀಸ್ ಪಡೆಯ ಸಿಬ್ಬಂದಿ. ಸಮವಸ್ತ್ರ ತೊಟ್ಟು ಗಿಟಾರ್, ಸ್ಯಾಕ್ಸೊಫೋನ್, ಡ್ರಮ್ ನುಡಿಸುತ್ತಿದ್ದ ಈ ತಂಡ 1977ರಲ್ಲಿ ಲಾಗೋಸ್‌ನ ಫೆಸ್ಟಾಕ್ ಕಲಾಮೇಳದಲ್ಲಿ ಸಭಿಕರನ್ನು ಬೆರಗುಗೊಳಿಸಿತು. ಕಾಂಗೊ ದೇಶದಲ್ಲಿ, ಅಂದರೆ ಅಂದಿನ ಝೈರ್‌ನಲ್ಲಿ, ಸರ್ವಾಧಿಕಾರಿ ಮೊಬುಟು ಸ್ವದೇಶಿ ಸಂಸ್ಕೃತಿಯ ಹೆಸರಿನಲ್ಲಿ ಹೆಂಗಸರ ಪ್ಯಾಂಟು, ಮಿನಿಸ್ಕರ್ಟು, ವಿಗ್‌ಗಳನ್ನು ನಿಷೇಧಿಸಿದರು. ಸುತ್ತಿಕೊಳ್ಳುವ ಅಚ್ಚಿನ ಬಟ್ಟೆಯೇ ಗಾಯಕಿಯರ ಉಡುಗೆಯಾಯಿತು. ಆ ಕಟ್ಟಳೆಯ ಒಳಗೇ ಅಬೆಟಿ ಮಸಿಕಿನಿ 1973ರಲ್ಲಿ ಪ್ಯಾರಿಸ್‌ನ ಒಲಿಂಪಿಯಾ, ಮರುವರ್ಷ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಹಾಡಿ ಬಂದರು. ಚಾಲಾ ಮುವಾನಾ ನರ್ತಕಿಯಾಗಿ ಆರಂಭಿಸಿ, ಕಸಾಯ್ ಸೀಮೆಯ ಲೂಬಾ ಜನರ ‘ಮುಟುವಾಶಿ’ ಎಂಬ ಸೊಂಟದ ಕುಣಿತವನ್ನು ಖಂಡದ ಉದ್ದಗಲಕ್ಕೂ ಒಯ್ದರು.

ಇದೇ ಕಾಲದ ಒಂದು ಅನ್ಯಾಯವನ್ನೂ ಹೇಳಬೇಕು. ನೈಜೀರಿಯದ ಫೆಲಾ ಕುಟಿ ಅವರ ಆಫ್ರೊಬೀಟ್ ಸಂಗೀತದ ಕೀರ್ತಿಯಲ್ಲಿ ಅವರ ತಂಡದ ಹೆಂಗಸರ ಪಾಲು ದೊಡ್ಡದು. ಮುಖದ ಮೇಲೆ ಚುಕ್ಕಿ, ಗೆರೆಗಳ ಚಿತ್ತಾರ ಬರೆದುಕೊಂಡು, ಮಣಿಸರ ತೊಟ್ಟು ಗಂಟೆಗಟ್ಟಲೆ ಕುಣಿದು ಹಿಮ್ಮೇಳ ಹಾಡುತ್ತಿದ್ದವರು ಅವರು. 1977ರಲ್ಲಿ ಸೈನಿಕರು ಫೆಲಾ ಮನೆಗೆ ನುಗ್ಗಿದಾಗ ಅತ್ಯಂತ ಕ್ರೂರ ಹಿಂಸೆ ಅನುಭವಿಸಿದವರೂ ಅವರೇ. ಮರುವರ್ಷ ಆ ಹೆಂಗಸರಲ್ಲಿ 27 ಮಂದಿಯನ್ನು ಫೆಲಾ ಒಂದೇ ದಿನ ಮದುವೆಯಾದರು. ಆ ಹೆಂಗಸರ ಮುಖಚಿತ್ತಾರ, ಕೇಶವಿನ್ಯಾಸಗಳನ್ನು ಫ್ಯಾಷನ್ ಲೋಕ ಇಂದಿಗೂ ನಕಲು ಮಾಡುತ್ತದೆ. ಆದರೆ ತಟ್ಟೆಗಳ ಮೇಲೆ ದೊಡ್ಡದಾಗಿ ಅಚ್ಚಾದದ್ದು ಒಬ್ಬ ಗಂಡಸಿನ ಹೆಸರು. ರೂಪ ಕೊಟ್ಟವರಿಗೆ ಅದರ ಹಕ್ಕು ಸಿಗಲಿಲ್ಲ.

ಬಟ್ಟೆಯ ಲೋಕದಲ್ಲಿ ಹಾಗಿರಲಿಲ್ಲ. ಅಲ್ಲಿ ಹೆಂಗಸರೇ ಸಾಹುಕಾರರು. ಆಫ್ರಿಕಾದ ಗುರುತೆಂದು ಜಗತ್ತು ತಿಳಿದಿರುವ ಗಾಢ ಬಣ್ಣದ ಮೇಣದಚ್ಚಿನ ಬಟ್ಟೆ ಹುಟ್ಟಿದ್ದು ಜಾವಾದ ಬಾಟಿಕ್ ಅನ್ನು ಡಚ್ಚರು ಯಂತ್ರದಲ್ಲಿ ಅನುಕರಿಸಿದಾಗ. ಹಾಲೆಂಡಿನ ವ್ಲಿಸ್ಕೊ ಕಂಪನಿ 1846ರಿಂದ ಈ ವ್ಯಾಪಾರದಲ್ಲಿದೆ. ಅದನ್ನು ಪಶ್ಚಿಮ ಆಫ್ರಿಕಾದಲ್ಲಿ ಮಾರುವ ಹಕ್ಕು ಟೋಗೊ ದೇಶದ ಲೋಮೆ ಪೇಟೆಯ ಕೆಲವು ವ್ಯಾಪಾರಗಾರ್ತಿಯರ ಕೈಯಲ್ಲಿತ್ತು. ಮರ್ಸಿಡಿಸ್ ಬೆಂಝ್ ಕಾರಿನಲ್ಲಿ ಓಡಾಡುತ್ತಿದ್ದುದರಿಂದ ಅವರಿಗೆ ‘ನಾನಾ ಬೆಂಝ್’ ಎಂದೇ ಹೆಸರು. ಯಾವ ವಿನ್ಯಾಸಕ್ಕೆ ಯಾವ ಹೆಸರಿಟ್ಟರೆ ಓಡುತ್ತದೆ ಎಂದು ಗೊತ್ತುಮಾಡುತ್ತಿದ್ದವರೂ ಅವರೇ: ಗಂಡನ ಜೊತೆಗಿನ ಜಗಳದ ಮೇಲೆ, ಸವತಿಯ ಮೇಲೆ, ಸಿರಿವಂತಿಕೆಯ ಮೇಲೆ ಹೆಸರುಗಳು. ಹಾಗಾಗಿ ಹೆಂಗಸು ಉಟ್ಟ ಬಟ್ಟೆಯೇ ನೆರೆಮನೆಗೆ ಮಾತು ಮುಟ್ಟಿಸುತ್ತಿತ್ತು. ನೈಜರ್ ನದಿಯ ಮುಖಜಭೂಮಿಯ ಕಲಬಾರಿ ಜನರಿಗೆ ಮದ್ರಾಸ್ ಸೀಮೆಯ ಮಗ್ಗಗಳಲ್ಲಿ ನೇಯ್ದ ಚೌಕುಳಿ ಬಟ್ಟೆ ಶತಮಾನಗಳಿಂದ ಹುಟ್ಟು ಸಾವಿನ ವಿಧಿಗಳಿಗೆ ಬೇಕೇ ಬೇಕು. ದಕ್ಷಿಣ ಭಾರತದ ನೇಕಾರರಿಗೂ ಈ ಉಡುಗೆಗಳಿಗೂ ಇರುವ ನಂಟು ಹಳೆಯದು. 1994ರಲ್ಲಿ ಟೋಗೊದ ನಾಣ್ಯವಾದ ಸಿಎಫ್‌ಎ ಫ್ರಾಂಕ್‌ನ ಬೆಲೆ ಅರ್ಧಕ್ಕೆ ಇಳಿದಾಗ, ಆಮೇಲೆ ಚೀನಾದ ಅಗ್ಗದ ನಕಲು ಪೇಟೆಗೆ ನುಗ್ಗಿದಾಗ ನಾನಾ ಬೆಂಝ್‌ಗಳ ವೈಭವ ಕುಸಿಯಿತು.

ಟೋಗೊದ ನೆರೆಯ ಬೆನಿನ್ ದೇಶದ ಆಂಜೆಲಿಕ್ ಕಿಜೊ ಈ ಬಟ್ಟೆಯನ್ನು ಜಗತ್ತಿನ ವೇದಿಕೆಗಳಿಗೆ ಒಯ್ದರು. ಅವರು ಹುಟ್ಟಿದ್ದು 1960ರಲ್ಲಿ, ವೀಡಾ ಪಟ್ಟಣದಲ್ಲಿ. ತಾಯಿಗೆ ಸ್ವಂತ ನಾಟಕ ತಂಡವಿತ್ತು. ಮಗಳು ಆರನೆಯ ವಯಸ್ಸಿಗೇ ವೇದಿಕೆ ಹತ್ತಿದಳು. ಆಳುವವರ ಗುಣಗಾನ ಮಾಡಬೇಕೆಂಬ ಒತ್ತಡ ತಾಳಲಾರದೆ 1983ರಲ್ಲಿ ಪ್ಯಾರಿಸ್‌ಗೆ ಓಡಿಹೋದರು. ಅಲ್ಲಿ ಜಾಝ್ ಕಲಿತು, 1994ರ ‘ಅಗೊಲೊ’ ಹಾಡಿನಿಂದ ಮನೆಮಾತಾದರು. ಐದು ಗ್ರ್ಯಾಮಿ ಪ್ರಶಸ್ತಿಗಳು, 2023ರ ಪೋಲಾರ್ ಸಂಗೀತ ಪ್ರಶಸ್ತಿ ಅವರಿಗೆ ಸಂದಿವೆ. ಮೇಣದಚ್ಚಿನ ಬಟ್ಟೆಯಲ್ಲಿ ಹೊಲಿದ ಉಡುಪು, ಅದೇ ಬಟ್ಟೆಯ ತಲೆಸುತ್ತು ತೊಟ್ಟು ಕುಣಿಯುತ್ತಾ ಹಾಡುವ ಕಿಜೊ ಕಛೇರಿಯ ಕೊನೆಗೆ ಸಭಿಕರನ್ನೇ ವೇದಿಕೆಗೆ ಕರೆದು ಕುಣಿಸುತ್ತಾರೆ. ಕೇಪ್ ವರ್ಡ್ ದ್ವೀಪಗಳ ಸೆಜಾರಿಯಾ ಎವೊರಾ ಇದಕ್ಕೆ ತೀರಾ ಬೇರೆ. ಮಿಂಡೆಲೊ ಬಂದರಿನ ಹೋಟೆಲುಗಳಲ್ಲಿ ವರ್ಷಗಟ್ಟಲೆ ಪುಡಿಗಾಸಿಗೆ ಹಾಡಿ, ಬೇಸತ್ತು ಹಾಡುವುದನ್ನೇ ನಿಲ್ಲಿಸಿ, ಐವತ್ತರ ಹೊಸ್ತಿಲಲ್ಲಿ ವಿಶ್ವಪ್ರಸಿದ್ಧರಾದವರು. ಬರಿಗಾಲಲ್ಲೇ ವೇದಿಕೆಗೆ ಬರುತ್ತಿದ್ದರು. 1988ರ ಅವರ ಆಲ್ಬಮ್‌ನ ಹೆಸರೇ ‘ಬರಿಗಾಲ ರಾಣಿ’ ಎಂಬರ್ಥದ್ದು. ವೇಷಭೂಷಣದ ಗೊಡವೆಯಿಲ್ಲದಿರುವುದೂ ವೇದಿಕೆಯಲ್ಲೊಂದು ಗಟ್ಟಿ ರೂಪವಾಗಬಲ್ಲದು ಎಂದು ಅವರನ್ನು ನೋಡಿದವರಿಗೆ ಗೊತ್ತಿತ್ತು.

ಒಡೆತನದ ಮಾತಿಗೆ ಬಂದರೆ ಊಮೂ ಸಂಗಾರೆ ಅವರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1968ರಲ್ಲಿ ಮಾಲಿಯ ರಾಜಧಾನಿ ಬಮಾಕೊದಲ್ಲಿ ಹುಟ್ಟಿದ ಊಮೂ ವಾಸುಲು ಮೂಲದವರು. ಅವರು ಚಿಕ್ಕವರಿದ್ದಾಗಲೇ ತಂದೆ ಕುಟುಂಬವನ್ನು ಬಿಟ್ಟು ಇನ್ನೊಬ್ಬ ಹೆಂಡತಿಯೊಡನೆ ಐವರಿ ಕೋಸ್ಟ್‌ಗೆ ಹೊರಟುಹೋದರು. ತಾಯಿ ಮದುವೆ, ನಾಮಕರಣಗಳಲ್ಲಿ ಹಾಡಿ ಮನೆ ನಡೆಸುತ್ತಿದ್ದರು, ಮಗಳೂ ಜೊತೆಗೆ ಹೋಗುತ್ತಿದ್ದಳು. ಬಮಾಕೊದಲ್ಲಿ ಮದುವೆಯೆಂದರೆ ಬೀದಿಗೆ ಶಾಮಿಯಾನ ಹಾಕಿ, ಹೆಂಗಸರು ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಹೊಲಿಸಿದ ಬಟ್ಟೆ ತೊಟ್ಟು ಸೇರುವ ಸಂಭ್ರಮ. ಹಾಡುಗಾರ್ತಿ ಯಾರ ಮನೆತನವನ್ನು ಹೊಗಳಿದಳೋ ಅವರು ಎದ್ದು ಬಂದು ಅವಳ ಕೈಗೆ ನೋಟು ಇಡುತ್ತಾರೆ. ಬಟ್ಟೆ, ಒಡವೆ ಕೊಡುವವರೂ ಉಂಟು. ಈ ಹೊಗಳಿಕೆ ‘ಜೆಲಿ’ ಎಂಬ ವಂಶಪಾರಂಪರ್ಯ ಗಾಯಕರ ಕಸುಬು. ವಾಸುಲು ಗಾಯಕಿಯರು ಆ ವಂಶದವರಲ್ಲ. ಯಾರನ್ನೂ ಹೊಗಳುವ ಹಂಗಿಲ್ಲದ ಕಾರಣ ಮನಸ್ಸಿಗೆ ತೋಚಿದ್ದನ್ನು ಹಾಡುವ ಸ್ವಾತಂತ್ರ್ಯ ಅವರಿಗಿತ್ತು. ಊಮೂ ಅದನ್ನು ಪೂರ್ತಿ ಬಳಸಿಕೊಂಡರು.

ಇಪ್ಪತ್ತೊಂದನೆಯ ವಯಸ್ಸಿಗೆ, 1989ರಲ್ಲಿ, ಅವರ ‘ಮುಸೊಲು’ ಕ್ಯಾಸೆಟ್ ಬಂತು. ಹೆಂಗಸರು ಎಂಬುದೇ ಅದರ ಹೆಸರು. ಬಹುಪತ್ನಿತ್ವ, ಬಾಲ್ಯವಿವಾಹ, ತೆರಕ್ಕೆ ಮಾರಾಟವಾಗುವ ಹೆಣ್ಣುಮಕ್ಕಳ ಪಾಡು, ಹೆಣ್ಣಿನ ಪ್ರಣಯದ ಬಯಕೆ: ಬಾಯಿಬಿಟ್ಟು ಆಡದ ಸಂಗತಿಗಳನ್ನೆಲ್ಲ ಹಾಡಿದರು. ಕ್ಯಾಸೆಟ್ ಎರಡು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತೆಂಬ ಲೆಕ್ಕವಿದೆ. ಅದರಾಚೆಗೆ ಕಳ್ಳ ಪ್ರತಿಗಳಿಂದ ಹಾಡಿದವರಿಗೆ ಬಿಡಿಗಾಸೂ ಬರುತ್ತಿರಲಿಲ್ಲ. ಹಾಡನ್ನೇ ನಂಬಿ ಕೂತರೆ ಹೊಟ್ಟೆ ತುಂಬದು ಎಂಬ ಪಾಠವನ್ನು ಊಮೂ ಬೇಗ ಕಲಿತರು. ಬಮಾಕೊದಲ್ಲಿ ವಾಸುಲು ಹೆಸರಿನ ಹೋಟೆಲ್ ಕಟ್ಟಿಸಿದರು. ಅದು ಸಂಗೀತಗಾರರ ತಂಗುದಾಣವೂ ವೇದಿಕೆಯೂ ಆಯಿತು. 2006ರಲ್ಲಿ ಚೀನಾದಿಂದ ಕಾರು ತರಿಸಿ ‘ಊಮ್ ಸಂಗ್’ ಎಂಬ ತಮ್ಮದೇ ಹೆಸರಿನಲ್ಲಿ ಮಾರಿದರು. ವಾಸುಲು ಸೀಮೆಯಲ್ಲಿ ಸಂಗೀತೋತ್ಸವ ಆರಂಭಿಸಿದರು. ಹೆಣ್ಣು ದುಡಿಯಬಲ್ಲಳು, ಉದ್ಯಮ ನಡೆಸಬಲ್ಲಳು ಎಂದು ಬರೀ ಹಾಡುವುದಕ್ಕಿಂತ ಮಾಡಿ ತೋರಿಸುವುದು ಅವರ ದಾರಿ. ವೇದಿಕೆಯಲ್ಲಿ ಅವರು ತೊಡುವ ಅಗಲ ತೋಳಿನ ಕಸೂತಿ ನಿಲುವಂಗಿ, ಮೇಲೆದ್ದ ತಲೆಸುತ್ತು, ಚಿನ್ನದ ಓಲೆಗಳಲ್ಲಿ ಮಾಲಿಯ ದರ್ಜಿಗಳ, ಅಕ್ಕಸಾಲಿಗರ ಕೈಕೆಲಸ ಕಾಣುತ್ತದೆ. 2019ರಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ ತಮ್ಮ ಒಂದು ಹಾಡಿಗೆ ಊಮೂ ಅವರ ‘ಜರಾಬಿ ನೆನೆ’ಯ ತುಣುಕನ್ನು ಬಳಸಿಕೊಂಡಾಗ, ಮೂವತ್ತು ವರ್ಷದ ಹಿಂದಿನ ಆ ದನಿ ಹೊಸ ತಲೆಮಾರಿನ ಕಿವಿಗೆ ಬಿತ್ತು.

ಅದೇ ವಾಸುಲು ಪರಂಪರೆಯ ಫತುಮಾತಾ ಜವಾರಾ ಸಂಗೀತಕ್ಕೆ ಬಂದದ್ದು ನಟನೆಯ ಮೂಲಕ. ಚಿಕ್ಕಂದಿನಲ್ಲೇ ಸಿನಿಮಾಗಳಲ್ಲಿ ನಟಿಸಿದ್ದ ಆಕೆ, ಮನೆಯವರು ಗೊತ್ತುಮಾಡಿದ ಮದುವೆಯಿಂದ ತಪ್ಪಿಸಿಕೊಂಡು ಫ್ರಾನ್ಸ್‌ನ ‘ರೊಯಾಲ್ ದ ಲ್ಯೂಕ್ಸ್’ ಬೀದಿನಾಟಕ ತಂಡ ಸೇರಿದರು, ಗಿಟಾರನ್ನು ತಾವಾಗಿಯೇ ಕಲಿತರು. 2014ರ ‘ಟಿಂಬಕ್ಟು’ ಚಿತ್ರದಲ್ಲಿ ಅವರದು ಸಣ್ಣ ಪಾತ್ರ. ಹಾಡಿದ ತಪ್ಪಿಗೆ ಮತಾಂಧರು ಛಡಿಯೇಟು ಕೊಡುತ್ತಿರುವಾಗಲೂ ಆ ಹೆಣ್ಣು ಅಳುತ್ತಲೇ ಹಾಡುತ್ತಾಳೆ. 2012ರಲ್ಲಿ ಉತ್ತರ ಮಾಲಿಯನ್ನು ಹಿಡಿದ ಉಗ್ರರು ಸಂಗೀತವನ್ನು ನಿಜಕ್ಕೂ ನಿಷೇಧಿಸಿದ್ದರು. ಕವಡೆ ಹೆಣೆದ ಶಿರೋಭೂಷಣ ತೊಟ್ಟು ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಜವಾರಾ ಅವರನ್ನು ನೋಡುವಾಗ ಆ ದೃಶ್ಯ ನೆನಪಾಗದಿರದು.

ದಕ್ಷಿಣ ಆಫ್ರಿಕಾದಲ್ಲಿ ಮಕೇಬಾ ನಂತರದ ದೊಡ್ಡ ಹೆಸರು ಬ್ರೆಂಡಾ ಫಾಸಿ. ಕೇಪ್‌ಟೌನ್‌ನ ಲಾಂಗಾ ಬಡಾವಣೆಯಲ್ಲಿ 1964ರಲ್ಲಿ ಹುಟ್ಟಿ, 1983ರ ‘ವೀಕೆಂಡ್ ಸ್ಪೆಷಲ್’ ಹಾಡಿನಿಂದ ಇಡೀ ದೇಶಕ್ಕೆ ಪರಿಚಿತರಾದರು. ಬಡಾವಣೆಯ ಹುಡುಗಿಯರು ಅವರ ಜಡೆ, ಬಟ್ಟೆ, ನಡಿಗೆ ಎಲ್ಲವನ್ನೂ ಅನುಕರಿಸಿದರು. ಹೆಣ್ಣನ್ನು ಪ್ರೀತಿಸುವುದನ್ನೂ ಅವರು ಮುಚ್ಚಿಡಲಿಲ್ಲ. ಆದರೆ ಮಾದಕ ವ್ಯಸನ ಅವರನ್ನು ಬಿಡಲಿಲ್ಲ. 2004ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅಷ್ಟು ದೊಡ್ಡ ಪ್ರತಿಭೆಗೆ ಆಸರೆಯಾಗಿ ನಿಲ್ಲಬಲ್ಲ ವ್ಯವಸ್ಥೆಯೊಂದು ಆ ಕಾಲದ ಸಂಗೀತೋದ್ಯಮದಲ್ಲಿ ಇರಲಿಲ್ಲ ಎಂಬುದು ಇಂದಿಗೂ ನೋಯಿಸುವ ಸಂಗತಿ.

ಬ್ರೆಂಡಾ ತೆರೆದ ದಾರಿಯಲ್ಲಿ ಬಂದವರಲ್ಲಿ ಷೊ ಮಜೋಜಿ ಅವರನ್ನು ಹತ್ತಿರದಿಂದ ನೋಡಬೇಕು. ಲಿಂಪೊಪೊ ಪ್ರಾಂತ್ಯದ ಷರ್ಲಿ ಎಂಬ ಹಳ್ಳಿಯವರು, ಸೊಂಗಾ ಸಮುದಾಯದವರು. ಸೊಂಗಾ ಜನರ ಭಾಷೆಯನ್ನೂ ಉಡುಗೆಯನ್ನೂ ಜೊಹಾನ್ಸ್‌ಬರ್ಗ್‌ನವರು ಹಳ್ಳಿಗಾಡಿನದೆಂದು ಗೇಲಿ ಮಾಡುತ್ತಿದ್ದ ಕಾಲವಿತ್ತು. ಮಜೋಜಿ ಆ ಭಾಷೆಯಲ್ಲೇ ರ‍್ಯಾಪ್ ಹಾಡಿದರು, ‘ಷಿಬೆಲಾನಿ’ಯನ್ನು ವೇದಿಕೆಗೆ ತಂದರು. ಷಿಬೆಲಾನಿ ಎಂದರೆ ಸೊಂಗಾ ಹೆಂಗಸರ ಕುಣಿತದ ಲಂಗ. ಉಣ್ಣೆನೂಲನ್ನು ಪದರ ಪದರವಾಗಿ ಇಳಿಬಿಟ್ಟು ಮಾಡಿದ್ದು. ಸೊಂಟದ ಬಳಿ ದಪ್ಪಗೆ ಉಬ್ಬಿರುತ್ತದೆ. ತೊಟ್ಟವಳು ಸೊಂಟವನ್ನು ಕೊಂಚ ಅಲುಗಿಸಿದರೆ ಸಾಕು, ಲಂಗ ಅದರ ಹತ್ತರಷ್ಟು ತೂಗಿ, ದೂರದಲ್ಲಿ ನಿಂತವರಿಗೂ ತಾಳ ಕಣ್ಣಿಗೆ ಕಾಣುತ್ತದೆ. ಮಜೋಜಿ ಅದನ್ನು ಇನ್ನೂ ಗಿಡ್ಡ ಮಾಡಿಸಿ, ಕಣ್ಣು ಕುಕ್ಕುವ ಬಣ್ಣ ಹಾಕಿಸಿ, ಕೆಳಗೆ ಸ್ನೀಕರ್ಸ್ ತೊಟ್ಟು, ಜಡೆಗೆ ಬಣ್ಣಬಣ್ಣದ ಎಳೆ ಹೆಣೆದರು. 2019ರಲ್ಲಿ ‘ಜಾನ್ ಸೀನಾ’ ಹಾಡು ಊರೂರಿನ ಮಕ್ಕಳ ಬಾಯಲ್ಲಿ ನಲಿಯಿತು, ಅದೇ ವರ್ಷ ಅಮೆರಿಕದ ಬಿಇಟಿ ಪ್ರಶಸ್ತಿಯೂ ಬಂತು. ಹಿಂದೆ ಪೋರ್ಟ್ ಎಲಿಜಬೆತ್ ಎನಿಸಿಕೊಂಡಿದ್ದ ಊರಿನ ಕಡೆಯ ಮೂನ್‌ಚೈಲ್ಡ್ ಸನೆಲಿ ಡರ್ಬನ್‌ನಲ್ಲಿ ಕಲಿತದ್ದೇ ವಸ್ತ್ರವಿನ್ಯಾಸ. ತಮ್ಮ ನೀಲಿ ಕೂದಲು, ಉಡುಗೆಗಳನ್ನು ಹಾಡಿನಷ್ಟೇ ಜತನದಿಂದ ರೂಪಿಸುವ ಅವರು 2019ರ ‘ಲಯನ್ ಕಿಂಗ್’ ಆಲ್ಬಮ್‌ನಲ್ಲಿ ಬಿಯಾನ್ಸೆ ಜೊತೆ ಹಾಡಿದ ಆಫ್ರಿಕನ್ ಗಾಯಕಿಯರಲ್ಲೊಬ್ಬರು.

ಅದೇ ಆಲ್ಬಮ್‌ನಲ್ಲಿ ನೈಜೀರಿಯದ 
ಯೆಮಿ ಅಲಾಡೆ, ಟೀವಾ ಸಾವೇಜ್ ಕೂಡ ಇದ್ದರು. ಸಾವೇಜ್ ಲಂಡನ್‌ನಲ್ಲಿ ಬೆಳೆದು, ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದಿ, ಬೇರೆಯವರಿಗೆ ಹಾಡು ಬರೆದುಕೊಡುತ್ತಾ ಪಳಗಿ, ಆಮೇಲೆ ಲಾಗೋಸ್‌ಗೆ ಮರಳಿದವರು. 2018ರಲ್ಲಿ ಎಂಟಿವಿ ಯುರೋಪಿನ ಅತ್ಯುತ್ತಮ ಆಫ್ರಿಕನ್ ಕಲಾವಿದ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಅಲಾಡೆ ಅವರ ‘ಜಾನಿ’ ಹಾಡು ಯೂಟ್ಯೂಬ್‌ನಲ್ಲಿ ಹತ್ತು ಕೋಟಿಗೂ ಹೆಚ್ಚು ಬಾರಿ ವೀಕ್ಷಣೆ ಕಂಡಿದೆ. ಅದರ ಫ್ರೆಂಚ್ ರೂಪವನ್ನೂ ಹಾಡಿದ್ದರಿಂದ ಫ್ರೆಂಚ್ ಮಾತಾಡುವ ನೆರೆದೇಶಗಳ ಮಾರುಕಟ್ಟೆಯೂ ತೆರೆಯಿತು. ಇಬ್ಬರೂ ಸಿನಿಮಾಗಳಲ್ಲಿ ನಟಿಸಿದ್ದಾರೆ. ಲಾಗೋಸ್‌ನಲ್ಲಿ ಸಂಗೀತ, ಚಿತ್ರೋದ್ಯಮ, ವಸ್ತ್ರವಿನ್ಯಾಸ ಮೂರೂ ಒಂದೇ ಊರಿನಲ್ಲಿ ಬೆಳೆದಿರುವುದು ಇದಕ್ಕೆ ದೊಡ್ಡ ಅನುಕೂಲ. ಹಾಡಿನ ವಿಡಿಯೊ ತೆಗೆಯುವವರು, ಸಿನಿಮಾದವರು, 2011ರಲ್ಲಿ ಆರಂಭವಾದ ಲಾಗೋಸ್ ಫ್ಯಾಷನ್ ವೀಕ್‌ನ ವಿನ್ಯಾಸಕರು ಒಬ್ಬರನ್ನೊಬ್ಬರು ಬಲ್ಲವರು. ಇವರ ನಂತರದ ಗಾಯಕಿ ಆಯ್ರಾ ಸ್ಟಾರ್ ಹದಿಹರೆಯದಲ್ಲಿ ಮಾಡೆಲ್ ಆಗಿದ್ದವರು. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಹಾಡು ಕೇಳಿಯೇ ಮೇವಿನ್ ಸಂಗೀತ ಕಂಪನಿ ಅವರನ್ನು ಕರೆಯಿತು.

ನೈಜೀರಿಯದವರೇ ಆದ ಟೆಮ್ಸ್ ಇವರೆಲ್ಲರಿಗಿಂತ ಸ್ವಲ್ಪ ಬೇರೆ ಜಾಡಿನವರು. 2018ರಲ್ಲಿ ಡಿಜಿಟಲ್ ಮಾರ್ಕೆಟಿಂಗ್ ನೌಕರಿ ಬಿಟ್ಟು, ಸಂಗೀತ ಸಂಯೋಜನೆಯನ್ನೂ ತಾವೇ ಕಲಿತು ಹಾಡು ಬಿಡುಗಡೆ ಮಾಡಿದರು. ನೈಜೀರಿಯದ ಸ್ಟುಡಿಯೊಗಳಲ್ಲಿ ಸಂಯೋಜನೆ ಗಂಡಸರ ಕೆಲಸವಾಗಿದ್ದ ಹೊತ್ತಿನಲ್ಲಿ ಇದು ದೊಡ್ಡ ಹೆಜ್ಜೆ. ಗಾಯಕ ವಿಜ್‌ಕಿಡ್ ಜೊತೆಗಿನ ‘ಎಸೆನ್ಸ್’ 2021ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಗಾಯಕಿ ರಿಹಾನಾಗಾಗಿ ಸಹರಚನೆ ಮಾಡಿದ ಹಾಡು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. 2023ರ ಆ ಸಮಾರಂಭಕ್ಕೆ ತಲೆಯ ಸುತ್ತ ಮೋಡದಂತೆ ಎದ್ದ ಬಿಳಿ ಉಡುಪಿನಲ್ಲಿ ಬಂದಾಗ, ಹಿಂದೆ ಕೂತವರಿಗೆ ವೇದಿಕೆ ಕಾಣದೆ ದೊಡ್ಡ ಚರ್ಚೆಯೇ ಆಯಿತು. 2025ರಲ್ಲಿ ‘ಲವ್ ಮಿ ಜೆಜೆ’ಗೆ ಗ್ರ್ಯಾಮಿ ಬಂತು, ಅದೇ ವರ್ಷ ಅಮೆರಿಕದ ಸ್ಯಾನ್ ಡಿಯೆಗೊ ಫುಟ್ಬಾಲ್ ಕ್ಲಬ್‌ನ ಒಡೆತನದಲ್ಲಿ ಪಾಲುದಾರರಾದರು.

ಉಡುಗೆಯೊಂದು ಹಾಡಿನಷ್ಟೇ ದೂರ ಪಯಣಿಸಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಟೈಲಾ ಈಚಿನ ಸಾಕ್ಷಿ. ಜೊಹಾನ್ಸ್‌ಬರ್ಗ್‌ನಲ್ಲಿ 2002ರಲ್ಲಿ ಹುಟ್ಟಿದ ಅವರದು ಜುಲು, ಐರಿಷ್, ಮಾರಿಷಸ್, ಭಾರತೀಯ ಮೂಲಗಳು ಬೆರೆತ ಕುಟುಂಬ. ಜೊಹಾನ್ಸ್‌ಬರ್ಗ್, ಪ್ರಿಟೋರಿಯಾ ಸುತ್ತಲ ಬಡಾವಣೆಗಳಲ್ಲಿ ಹುಟ್ಟಿದ ಅಮಾಪಿಯಾನೊ ಲಯವನ್ನು ಪಾಪ್ ಸಂಗೀತಕ್ಕೆ ಬೆಸೆದ ‘ವಾಟರ್’ 2023ರಲ್ಲಿ ಬಂತು. ಬೆನ್ನ ಮೇಲೆ ನೀರು ಸುರಿದುಕೊಂಡು ಕುಣಿಯುವ ಅದರ ಹೆಜ್ಜೆಗೆ ಪ್ರಿಟೋರಿಯಾದ ‘ಬಕಾರ್ಡಿ’ ಕುಣಿತವೇ ಮೂಲ. ಟಿಕ್‌ಟಾಕ್‌ನಲ್ಲಿ ಅದು ಹರಡಿದ ರಭಸಕ್ಕೆ ಹಾಡು ಬಿಲ್‌ಬೋರ್ಡ್ ಹಾಟ್ ಹಂಡ್ರೆಡ್ ಪಟ್ಟಿಯ ಏಳನೇ ಸ್ಥಾನ ಮುಟ್ಟಿತು. ದಕ್ಷಿಣ ಆಫ್ರಿಕಾದ ಏಕವ್ಯಕ್ತಿ ಕಲಾವಿದರೊಬ್ಬರು ಆ ಪಟ್ಟಿ ಹೊಕ್ಕದ್ದು 1968ರಲ್ಲಿ ತುತ್ತೂರಿವಾದಕ ಹ್ಯೂ ಮಸಕೇಲಾ ಹೊಕ್ಕ ನಂತರ ಅದೇ ಮೊದಲು. ಆಫ್ರಿಕನ್ ಸಂಗೀತಕ್ಕೆಂದು 2024ರಲ್ಲಿ ಹೊಸದಾಗಿ ಇಟ್ಟ ಗ್ರ್ಯಾಮಿಯೂ ಟೈಲಾ ಅವರಿಗೇ ಸಂದಿತು.

ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಮೆಟ್ ಗಾಲಾ ಎಂಬ ಫ್ಯಾಷನ್ ಸಮಾರಂಭಕ್ಕೆ ಅವರು ತೊಟ್ಟು ಬಂದದ್ದು ಮರಳಿನ ಉಡುಪು. ಬಾಲ್ಮೇನ್ ಫ್ಯಾಷನ್ ಸಂಸ್ಥೆಯ ಅಂದಿನ ವಿನ್ಯಾಸಕ ಒಲಿವಿಯೆ ರುಸ್ಟೆಂಗ್ ಅವರು ಟೈಲಾ ಮೈಯ ಅಚ್ಚು ತೆಗೆದು, ಅದರ ಮೇಲೆ ಮರಳನ್ನು ಸಣ್ಣ ಹರಳುಗಳೊಡನೆ ಅಂಟಿಸಿ ರೂಪಿಸಿದ್ದರು. ಕೈಯಲ್ಲಿ ಮರಳುಗಡಿಯಾರದ ಆಕಾರದ ಚೀಲ. ಉಡುಪು ಎಷ್ಟು ಬಿಗಿಯಾಗಿತ್ತೆಂದರೆ ಮೆಟ್ಟಿಲು ಹತ್ತಲಾಗದೆ ಸಹಾಯಕರು ಅವರನ್ನು ಎತ್ತಿಕೊಂಡು ಹೋದರು. ಆಮೇಲೆ ಅವರು ಓಡಾಡುವಂತಾಗಲಿ ಎಂದು ರುಸ್ಟೆಂಗ್ ಕತ್ತರಿ ಹಿಡಿದು ಕೆಳಭಾಗವನ್ನು ಕತ್ತರಿಸಿದರು. ಕುಣಿತದಿಂದಲೇ ಹೆಸರಾದ ಹುಡುಗಿಗೆ ಹೆಜ್ಜೆ ಎತ್ತಲಾಗದ ಬಟ್ಟೆ ತೊಡಿಸಿದ್ದು ಸರಿಯೇ ಎಂದು ಕೇಳಬಹುದು. ಆದರೆ ಆ ಒಂದು ರಾತ್ರಿಯ ಚಿತ್ರಗಳು ‘ವಾಟರ್’ ಕೇಳದವರ ಮನೆಗೂ ಅವರ ಹೆಸರನ್ನು ಮುಟ್ಟಿಸಿದವು, ಬಟ್ಟೆ ಕಂಪನಿಗಳ ಜಾಹೀರಾತುಗಳೂ ಬಂದವು. ಕೇಳುಗರು ಹಾಡೊಂದನ್ನು ಮೊಬೈಲಿನಲ್ಲಿ ಕೇಳಿದಾಗ ಗಾಯಕಿಗೆ ಬರುವುದು ಪುಡಿಗಾಸು. ಕಛೇರಿ, ಜಾಹೀರಾತು, ವಸ್ತ್ರವಿನ್ಯಾಸದ ಒಪ್ಪಂದಗಳಿಂದ ಬಂದ ಹಣದಲ್ಲೇ ವಾದ್ಯದವರ, ನರ್ತಕರ, ದರ್ಜಿಗಳ ಸಂಬಳ ಹೊರಡಬೇಕು.

ಹೆಣ್ಣಿನ ಮೈ, ಬಟ್ಟೆಗಳ ಮೇಲಿನ ಕಾವಲು ಮಾತ್ರ ಇನ್ನೂ ಸಡಿಲವಾಗಿಲ್ಲ. 2014ರಲ್ಲಿ ಟೀವಾ ಸಾವೇಜ್ ಒಂದು ವಿಡಿಯೊದಲ್ಲಿ ಮೈಬಣ್ಣದ ಉಡುಪು ತೊಟ್ಟದ್ದಕ್ಕೆ ನೈಜೀರಿಯದಲ್ಲಿ ಗದ್ದಲವೆದ್ದಿತು. ಅದೇ ವರ್ಷ ಉಗಾಂಡದಲ್ಲಿ ಅಶ್ಲೀಲತೆ ವಿರೋಧಿ ಕಾಯ್ದೆ ಬಂತು, ಹಾಡಿನ ವಿಡಿಯೊಗಾಗಿ ಗಾಯಕಿಯೊಬ್ಬರು ಜೈಲು ಕಾಣಬೇಕಾಯಿತು. ಅಲ್ಲಿನ ಸಂವಿಧಾನ ನ್ಯಾಯಾಲಯ ಕಾಯ್ದೆಯನ್ನು ರದ್ದು ಮಾಡಿದ್ದು 2021ರಲ್ಲಿ. ಎಷ್ಟೋ ಗಂಡು ಗಾಯಕರ ವಿಡಿಯೊಗಳಲ್ಲಿ ಹೆಂಗಸರು ಅದಕ್ಕಿಂತ ಕಡಿಮೆ ಬಟ್ಟೆಯಲ್ಲಿ ಕುಣಿಯುತ್ತಾರೆ. ಅವರಿಗೆ ಹಾಗೆ ಕುಣಿಯಲು ಹೇಳಿದ ಗಂಡಸರನ್ನು ಯಾರೂ ಬೈಯುವುದಿಲ್ಲ. ಹೆಣ್ಣು ತನ್ನ ಇಚ್ಛೆಯಿಂದ, ತನ್ನ ಹಾಡಿಗೆ ತೊಟ್ಟರೆ ಮಾತ್ರ ಅದು ಅಪರಾಧವಾಗಿ ಕಾಣುತ್ತದೆ.

ವೇದಿಕೆಯ ಹಿಂದಿನ ಕೆಲಸಕ್ಕೂ ಈಗ ಹೆಂಗಸರು ಕೈಹಾಕಿದ್ದಾರೆ. ಕೀನ್ಯಾದ ಮುಥೋನಿ ಡ್ರಮ್ಮರ್ ಕ್ವೀನ್ ತಮಗೆ ಹಾಡಲು ತಕ್ಕ ವೇದಿಕೆಯಿಲ್ಲವೆಂದು ಕೊರಗುತ್ತ ಕೂರದೆ 2008ರಲ್ಲಿ ನೈರೋಬಿಯಲ್ಲಿ ‘ಬ್ಲ್ಯಾಂಕೆಟ್ಸ್ ಅಂಡ್ ವೈನ್’ ಎಂಬ ಬಯಲು ಸಂಗೀತೋತ್ಸವ ಆರಂಭಿಸಿದರು. ಕುಟುಂಬಗಳು ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂತು ಕೇಳುವ ಈ ಉತ್ಸವದಲ್ಲಿ ಹೊಸ ಗಾಯಕರಿಗೂ ಬಟ್ಟೆ, ಒಡವೆ ಮಾರುವ ಸಣ್ಣ ವ್ಯಾಪಾರಿಗಳಿಗೂ ಜಾಗ ಸಿಕ್ಕಿತು. ಉಗಾಂಡದ ಕಂಪಾಲಾಕ್ಕೂ ಅದು ಹಬ್ಬಿತು. ಗ್ಯಾಂಬಿಯಾ ಮೂಲದ ಸೋನಾ ಜೋಬಾರ್ಟೆ ಇಪ್ಪತ್ತೊಂದು ತಂತಿಗಳ ಕೋರಾ ವಾದ್ಯದ ಮನೆತನದವರು. ಆ ಮನೆತನಗಳಲ್ಲಿ ಕೋರಾ ತಂದೆಯಿಂದ ಮಗನಿಗೆ ಬರುತ್ತಿತ್ತು, ಹೆಣ್ಣುಮಕ್ಕಳು ಹಾಡುತ್ತಿದ್ದರು, ಅಷ್ಟೇ. ಸೋನಾ ಕೋರಾವನ್ನೇ ಕಸುಬಾಗಿ ಹಿಡಿದು ಜಗತ್ತು ಸುತ್ತಿದರು, ಸಿನಿಮಾಗಳಿಗೆ ಸಂಗೀತ ಕೊಟ್ಟರು. ಬಂದ ಹಣ, ಹೆಸರಿನ ಬಲದಿಂದ ಆ ದೇಶದಲ್ಲಿ ಗ್ಯಾಂಬಿಯಾ ಅಕಾಡೆಮಿ ಎಂಬ ಶಾಲೆ ತೆರೆದರು. ಅಲ್ಲಿ ಗಣಿತ, ವಿಜ್ಞಾನದ ಜೊತೆ ಕೋರಾ, ಬಾಲಾಫೋನ್, ಡೋಲು, ಕುಣಿತವೂ ಪಾಠಪಟ್ಟಿಯಲ್ಲಿವೆ. ಹುಡುಗರಂತೆ ಹುಡುಗಿಯರೂ ಕೋರಾ ಕಲಿಯುತ್ತಿದ್ದಾರೆ.